ತೊಂಬತ್ತನಾಲ್ಕು ಪುಟದ ಗಂಟು ಬಿಚ್ಚಿದ ಬಗೆ

ಪರದೇಶಕ್ಕೆ ಹೊರಟವರು ನನ್ನನ್ನು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಅಲ್ಲಿ ಚಳಿ ಎಷ್ಟಿರುತ್ತದೆ, ಮನೆ ಬಾಡಿಗೆ ಎಷ್ಟು, ತೊಗರಿಬೇಳೆ ಸಿಗುತ್ತದೆಯೇ, ಕುಕ್ಕರನ್ನು ಇಲ್ಲಿಂದಲೇ ಒಯ್ಯಬೇಕೇ. ಇಪ್ಪತ್ತೈದು ವರ್ಷಗಳಿಂದ ಇಂಗ್ಲೆಂಡಿನಲ್ಲಿ ವೈದ್ಯವೃತ್ತಿಯಲ್ಲಿರುವ ನಾನು ಇವುಗಳಿಗೆ ತಕ್ಕ ಉತ್ತರವನ್ನು ಕೊಡುತ್ತಲೇ ಬಂದಿದ್ದೇನೆ. ಒಂದು ಪಿಡಿಎಫ್ ಕಡತವನ್ನು ಎಲ್ಲಿ ಒಡೆಯಬೇಕು, ಹೇಗೆ ಒಡೆಯಬೇಕು ಎಂದು ಮಾತ್ರ ಈವರೆಗೆ ಯಾರೂ ಕೇಳಿಲ್ಲ. ಕೇಳದೆ ಹೋದ ಈ ಪ್ರಶ್ನೆಯೇ ಹಲವು ಕುಟುಂಬಗಳನ್ನು ಕಾಡಿದ್ದನ್ನು ಹತ್ತಿರದಿಂದ ಕಂಡಿರುವುದರಿಂದ, ಓದುಗರು ಕೇಳದಿದ್ದರೂ ಇಂದು ಅದನ್ನೇ ಬರೆಯಲು ಕುಳಿತಿದ್ದೇನೆ.

ನಮ್ಮ ನಾಡಿನಲ್ಲಿ ಸರ್ಕಾರಿ ಕಚೇರಿಗೆ ಹೋಗುವವರ ಕೈಯಲ್ಲಿ ಒಂದು ಚೀಲ ಇದ್ದೇ ಇರುತ್ತದೆ. ನಾಡಕಚೇರಿಯಲ್ಲಿ ಗುಮಾಸ್ತರು ಯಾವ ಕಾಗದವನ್ನು ಕೇಳುತ್ತಾರೋ ಹೇಳಲಾಗದು. ಇಲ್ಲವೆಂದರೆ ಮತ್ತೊಂದು ದಿನದ ಕೂಲಿ, ಮತ್ತೊಂದು ಬಸ್ ಪ್ರಯಾಣ. ಆದ್ದರಿಂದ ಪಹಣಿ, ಪಡಿತರ ಚೀಟಿ, ಆಧಾರ್, ಮಗನ ಅಂಕಪಟ್ಟಿ, ತಂದೆಯ ಮರಣ ಪ್ರಮಾಣಪತ್ರ ಎಲ್ಲವೂ ಚೀಲದಲ್ಲಿರಬೇಕು. ಎದುರಿಗೆ ಕುಳಿತ ಮನುಷ್ಯ ಕೇಳಿದ್ದನ್ನು ಆರಿಸಿ ತೆಗೆದುಕೊಡುವುದು ನಮಗೆ ಅಭ್ಯಾಸವಾಗಿದೆ. ಇಲ್ಲಿ ಎದುರಿಗೆ ಮನುಷ್ಯನಿಲ್ಲ. ಪೋರ್ಟಲ್ ಎಂಬ ಕಿಟಕಿಯಿದೆ. ಅದರಲ್ಲಿ ಒಂದೊಂದು ದಾಖಲೆಗೆ ಒಂದೊಂದು ಖಾನೆ. ನಾವು ಚೀಲವನ್ನು ಬಿಚ್ಚಿ ತೋರಿಸಲಾರೆವು. ಹೀಗಾಗಿ ಇಡೀ ಚೀಲವನ್ನೇ ಸ್ಕ್ಯಾನ್ ಮಾಡಿಸಿ, ಒಂದೇ ಪಿಡಿಎಫ್ ಆಗಿಸಿ, ಮೊದಲು ಕಂಡ ಖಾನೆಯೊಳಗೆ ತುರುಕುತ್ತೇವೆ. ಅದು ನಮ್ಮ ಹಳೆಯ ಎಚ್ಚರಿಕೆಯೇ ಹೊಸ ವೇಷದಲ್ಲಿ ಬಂದದ್ದು. ಅದನ್ನು ಮೂಢತನವೆನ್ನಲು ನನಗೆ ಮನಸ್ಸಿಲ್ಲ.

ನನ್ನ ಎಂಬಿಬಿಎಸ್ ಪದವಿಪತ್ರ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಗುವುದಕ್ಕೂ ಮುಂಚಿನದು. ಅದನ್ನು ಜೆರಾಕ್ಸ್ ಮಾಡಿಸಿ, ಗೆಜೆಟೆಡ್ ಅಧಿಕಾರಿಯೊಬ್ಬರ ಮನೆಯ ಜಗುಲಿಯಲ್ಲಿ ಎರಡು ಸಂಜೆ ಕಾದು, ಹಸಿರು ಶಾಯಿಯ ರುಜು ಹಾಕಿಸಿಕೊಂಡು ಬಂದ ಕಾಲದವಳು ನಾನು. ಈಗಿನ ಯುವ ವೈದ್ಯರಿಗೆ ಆ ಜಗುಲಿ ಇಲ್ಲ. ಇಲ್ಲಿನ ವೈದ್ಯಕೀಯ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು ಪದವಿಪತ್ರವನ್ನು ಅಂತರಜಾಲದ ಮೂಲಕವೇ ಪರಿಶೀಲನೆಗೆ ಒಪ್ಪಿಸಬೇಕು. ಜಗುಲಿಯ ಸೊಳ್ಳೆಗಳು ತಪ್ಪಿದವು ಎಂಬುದನ್ನು ಬಿಟ್ಟರೆ ಆತಂಕವೇನೂ ಕಡಿಮೆಯಾದಂತೆ ಕಾಣುವುದಿಲ್ಲ.

ಕಡತದ ಗಾತ್ರದ ತೊಂದರೆ ನನಗೆ ಮೊದಲು ಎದುರಾದದ್ದು ಕಚೇರಿಯ ವಿಷಯದಲ್ಲಲ್ಲ, ವೈದ್ಯಳಾಗಿ. ವಿದೇಶದಲ್ಲಿರುವ ಪ್ರತಿಯೊಬ್ಬ ಭಾರತೀಯ ವೈದ್ಯರಿಗೂ ಈ ಅನುಭವವಿರುತ್ತದೆ. ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್ ಸದ್ದು ಮಾಡುತ್ತದೆ. ಮೈಸೂರಿನಿಂದ ತಂಗಿಯ ಮಗ. "ದೊಡ್ಡಮ್ಮ, ಅಪ್ಪನ ರಿಪೋರ್ಟ್ ಎಲ್ಲಾ ಒಂದೇ ಪಿಡಿಎಫ್ ಮಾಡಿ ಕಳ್ಸಿದೀನಿ. ಸ್ವಲ್ಪ ನೋಡಿ ಹೇಳಿ." ತೆರೆದರೆ 118 ಪುಟ. ಅದರಲ್ಲಿ ನನಗೆ ಬೇಕಾದವು ಬಿಡುಗಡೆಯ ಸಾರಾಂಶ, ಇತ್ತೀಚಿನ ರಕ್ತಪರೀಕ್ಷೆ, ಹೃದಯದ ಎಕೋ ವರದಿ ಮತ್ತು ಈಗ ಸೇವಿಸುತ್ತಿರುವ ಮಾತ್ರೆಗಳ ಚೀಟಿ; ಎಲ್ಲ ಸೇರಿ ಆರೋ ಏಳೋ ಪುಟ. ಉಳಿದವು ಔಷಧದಂಗಡಿಯ ಬಿಲ್ಲು, ಕೊಠಡಿಯ ಬಾಡಿಗೆ, ಪ್ರತಿ ಗಂಟೆಯ ರಕ್ತದೊತ್ತಡದ ಪಟ್ಟಿ. ತಲೆಕೆಳಗಾಗಿ ಸ್ಕ್ಯಾನ್ ಆದ ಎಕೋ ವರದಿ 93ನೆಯ ಪುಟದಲ್ಲಿ ಅಡಗಿತ್ತು. ಅದನ್ನು ನಾನು ಹುಡುಕಿದೆ, ಏಕೆಂದರೆ ರೋಗಿ ನನ್ನ ತಂಗಿಯ ಗಂಡ. ದಿನಕ್ಕೆ ಹತ್ತಾರು ಅರ್ಜಿಗಳನ್ನು ನೋಡುವ ಅಧಿಕಾರಿಗೆ ಅಂಥ ನಂಟೇನೂ ಇರುವುದಿಲ್ಲ.

ಇಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಕೆಲಸ ಮಾಡುವವರೆಲ್ಲರಿಗೂ ಪರಿಚಿತವಾದ ಒಂದು ಹೆಸರಿದೆ: ಕ್ಯಾಲ್ಡಿಕಾಟ್. ಮನೋವೈದ್ಯೆಯಾಗಿದ್ದ ಡೇಮ್ ಫಿಯೋನಾ ಕ್ಯಾಲ್ಡಿಕಾಟ್ ಅವರ ಅಧ್ಯಕ್ಷತೆಯ ಸಮಿತಿಯು 1997ರಲ್ಲಿ ರೋಗಿಗಳ ಮಾಹಿತಿಯ ಗೋಪ್ಯತೆಯ ಬಗ್ಗೆ ವರದಿ ನೀಡಿತು. ಅದರ ಆರು ಸೂತ್ರಗಳು ಈಗ ಎಂಟಾಗಿವೆ. ಆರೋಗ್ಯ ಸೇವೆಯ ಸಂಸ್ಥೆಗಳಲ್ಲಿ ಕ್ಯಾಲ್ಡಿಕಾಟ್ ಗಾರ್ಡಿಯನ್ ಎಂಬ ಹೊಣೆಗಾರರೇ ಇರುತ್ತಾರೆ. ಆ ಸೂತ್ರಗಳಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಇದು: ಕೆಲಸಕ್ಕೆ ಎಷ್ಟು ಮಾಹಿತಿ ಬೇಕೋ ಅಷ್ಟನ್ನು ಮಾತ್ರ ಕೊಡು. ಮೊಣಕಾಲಿನ ಶಸ್ತ್ರಚಿಕಿತ್ಸಕರಿಗೆ ಬರೆಯುವ ಪತ್ರದಲ್ಲಿ ರೋಗಿಯ ದಾಂಪತ್ಯದ ಕಲಹಕ್ಕೆ ಜಾಗವಿಲ್ಲ. ಆಸ್ಪತ್ರೆಗೆಂದು ಹುಟ್ಟಿದ ಈ ಮಾತು ಮನೆಯ ಕಾಗದಪತ್ರಗಳಿಗೂ ಹೊಂದುತ್ತದೆಂದು ನನಗೆ ಮನವರಿಕೆಯಾದದ್ದು ಒಂದು ಬಾಣಂತನದ ಸಂದರ್ಭದಲ್ಲಿ. ಸಂಬಂಧಪಟ್ಟ ತಾಯಿ, ಮಗಳು ಇಬ್ಬರ ಒಪ್ಪಿಗೆಯನ್ನೂ ಪಡೆದು, ಅವರ ಗುರುತು ಸಿಗದಂತೆ ಅದನ್ನಿಲ್ಲಿ ಬರೆಯುತ್ತಿದ್ದೇನೆ.

ನಮ್ಮೂರಿನ ಕನ್ನಡ ಕುಟುಂಬಗಳಲ್ಲಿ ಒಬ್ಬಳು ಯುವತಿ, ಸಾಫ್ಟ್‌ವೇರ್ ಉದ್ಯೋಗದವಳು. ಚೊಚ್ಚಲ ಬಸುರಿ. ಹಾಸನ ಸೀಮೆಯ ಹಳ್ಳಿಯಲ್ಲಿರುವ ತಾಯಿ ಬಾಣಂತನಕ್ಕೆ ಬರಬೇಕೆಂಬ ಆಸೆ ಇಬ್ಬರಿಗೂ. ತಂದೆ ತೋಟವನ್ನು ಬಿಟ್ಟು ಬರುವಂತಿರಲಿಲ್ಲವಾದ್ದರಿಂದ ತಾಯಿಯೊಬ್ಬರಿಗೇ ಆರು ತಿಂಗಳ ಸಂದರ್ಶಕ ವೀಸಾಕ್ಕೆ ಅರ್ಜಿ. ತಂದೆ ಮನೆಯ ಬೀರುವಿನಲ್ಲಿದ್ದ ಕಾಗದಗಳನ್ನೆಲ್ಲ ಸೈಬರ್ ಸೆಂಟರಿಗೆ ಒಯ್ದು ಒಂದೇ ಕಡತವಾಗಿ ಸ್ಕ್ಯಾನ್ ಮಾಡಿಸಿದರು. 94 ಪುಟ. "ಏನ್ ಕೇಳಿದ್ರೂ ಅದ್ರಲ್ಲೇ ಐತೆ" ಎಂಬುದು ಅವರ ಸಮಾಧಾನ.

ಕಡತ ಒಬ್ಬ ಏಜೆಂಟರ ಕೈಗೆ ಹೋಯಿತು. ಅಷ್ಟು ದೊಡ್ಡ ಕಡತವನ್ನು ಪೋರ್ಟಲ್ ತೆಗೆದುಕೊಳ್ಳಲಿಲ್ಲ. ಅವರು ಅಂತರಜಾಲದ ಒಂದು ಉಚಿತ ತಾಣಕ್ಕೆ ಅದನ್ನು ಏರಿಸಿ, ಹತ್ತು ಹತ್ತು ಪುಟಗಳಿಗೊಂದರಂತೆ ಕತ್ತರಿಸುವ ಆಯ್ಕೆಯನ್ನು ಒತ್ತಿದರು. ಕ್ಷಣಾರ್ಧದಲ್ಲಿ ಹತ್ತು ತುಂಡುಗಳಾದವು. ಕತ್ತರಿ ಪುಟಗಳನ್ನು ಎಣಿಸುತ್ತದೆಯೇ ಹೊರತು ಓದುವುದಿಲ್ಲ. ಇಪ್ಪತ್ತನೆಯ ಪುಟದಲ್ಲಿ ಕನ್ನಡದ ಪಹಣಿಯಿತ್ತು, ಇಪ್ಪತ್ತೊಂದನೆಯದರಲ್ಲಿ ಅದರ ಇಂಗ್ಲಿಷ್ ಅನುವಾದ. ಅವು ಬೇರೆ ಬೇರೆ ತುಂಡುಗಳಿಗೆ ಹೋದವು. ಬ್ಯಾಂಕಿನ ಆರು ತಿಂಗಳ ವಹಿವಾಟಿನ ಪಟ್ಟಿ 27ರಿಂದ 34ನೆಯ ಪುಟದವರೆಗೆ ಹಬ್ಬಿತ್ತು. ಅದರ ಸೊಂಟಕ್ಕೇ ಕತ್ತರಿ ಬಿದ್ದು, ಕೊನೆಯ ನಾಲ್ಕು ಪುಟಗಳು ಮಗಳ ಮನೆಯ ಬಾಡಿಗೆ ಕರಾರಿನ ಜೊತೆ ಸೇರಿ, ವಸತಿಯ ಖಾನೆಯೊಳಗೆ ಕುಳಿತವು. ಅಡಿಕೆ ಮಾರಿ ಬಂದ ಹಣ ಜಮೆಯಾಗಿದ್ದು ಆ ನಾಲ್ಕು ಪುಟಗಳಲ್ಲೇ.

ಮೂರು ವಾರಗಳ ಬಳಿಕ ನಿರಾಕರಣೆಯ ಪತ್ರ ಬಂತು. ಖಾತೆಯ ವಿವರ ಅಪೂರ್ಣವಾಗಿದೆ, ಜಮೀನಿನ ದಾಖಲೆಗೆ ಅನುವಾದವಿಲ್ಲ, ಆದ್ದರಿಂದ ಅರ್ಜಿದಾರರ ಆರ್ಥಿಕ ಸ್ಥಿತಿ ಮನದಟ್ಟಾಗಿಲ್ಲ ಎಂದು ಅದರಲ್ಲಿ ಬರೆದಿತ್ತು. ಈ ಬಗೆಯ ವೀಸಾ ನಿರಾಕರಣೆಗೆ ಸಾಮಾನ್ಯವಾಗಿ ಮೇಲ್ಮನವಿ ಇಲ್ಲ. ಶುಲ್ಕವನ್ನು ಮತ್ತೆ ತೆತ್ತು ಹೊಸದಾಗಿ ಅರ್ಜಿ ಹಾಕಬೇಕು. ಹಣ ಹೋದದ್ದು ಒಂದು ಕಡೆಗಿರಲಿ, ಹುಡುಗಿಗೆ ಆಗ ಎಂಟನೆಯ ತಿಂಗಳು. "ಅಕ್ಕ, ಕಾಗದ ಎಲ್ಲಾ ಇತ್ತಲ್ಲ. ಎಲ್ಲಾ ಕೊಟ್ಟಿದ್ವಲ್ಲ" ಎಂದು ಆಕೆ ಫೋನಿನಲ್ಲಿ ಅತ್ತಳು. ಕೊಟ್ಟದ್ದು ನಿಜ. ಆದರೆ ಓದುವವರಿಗೆ ಸಿಗುವ ಜಾಗದಲ್ಲಿ ಕೊಟ್ಟಿರಲಿಲ್ಲ.

ಮುಂದಿನ ಭಾನುವಾರ ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, 94 ಪುಟಗಳನ್ನೂ ಒಂದೊಂದಾಗಿ ನೋಡುತ್ತ, ಕಾಗದದ ಮೇಲೆ ಪಟ್ಟಿ ಮಾಡಿದೆವು. ಯಾವ ಪುಟ ಯಾವ ಪ್ರಶ್ನೆಗೆ ಉತ್ತರ? ಪ್ರಶ್ನೆಗಳು ನಿಜಕ್ಕೂ ಕೆಲವೇ. ಈಕೆ ಯಾರು, ಏತಕ್ಕೆ ಬರುತ್ತಾರೆ, ಎಲ್ಲಿ ಉಳಿಯುತ್ತಾರೆ, ಖರ್ಚು ಯಾರದು, ಮರಳಿ ಹೋಗಲು ಊರಿನಲ್ಲಿ ಏನಿದೆ. ಯಾವ ಪ್ರಶ್ನೆಗೂ ಉತ್ತರವಾಗದ ಪುಟಗಳೇ ಹೆಚ್ಚಾಗಿದ್ದವು. ಪಡಿತರ ಚೀಟಿ, ಚಿನ್ನದ ಸಾಲದ ರಸೀದಿ, ಹಸುವಿನ ವಿಮೆ, ನೆಂಟರ ಮದುವೆಯ ಕರೆಯೋಲೆ. ಗಂಡ ಹೆಂಡತಿಯ ಆಧಾರ್ ಪ್ರತಿಗಳು ಮೂರು ಕಡೆ. ಪಾಸ್‌ಪೋರ್ಟ್ ಇರುವಾಗ ಬ್ರಿಟಿಷ್ ವೀಸಾಕ್ಕೆ ಆಧಾರ್ ಏತಕ್ಕೆ? ನಮ್ಮವರಿಗೆ ಆಧಾರ್ ಎಂದರೆ ಕುಂಕುಮದ ಹಾಗೆ, ಎಲ್ಲ ಕಾಗದಕ್ಕೂ ಹಚ್ಚದೆ ಮನಸ್ಸು ಒಪ್ಪುವುದಿಲ್ಲ.

ಅರವತ್ತೊಂದನೆಯ ಪುಟಕ್ಕೆ ಬಂದಾಗ ನಾನು ತುಸು ಬೇಗನೆ ಮುಂದಕ್ಕೆ ಸರಿಸಿದೆ. ಅದು ಹಳೆಯ ಔಷಧ ಚೀಟಿ, ತಾಯಿಯ ಹೆಸರಿನಲ್ಲಿದ್ದದ್ದು. ಅದರಲ್ಲಿನ ಎರಡು ಮಾತ್ರೆಗಳ ಹೆಸರು ವೈದ್ಯರಿಗೆ ಬಿಟ್ಟರೆ ಬೇರೆಯವರಿಗೆ ಅರ್ಥವಾಗುವಂಥದ್ದಲ್ಲ. ಪಕ್ಕದಲ್ಲಿ ಕುಳಿತಿದ್ದ ಮಗಳಿಗೆ ಅದರ ಸುಳಿವಿರಲಿಲ್ಲ. ಹೇಳುವುದು ನನ್ನ ಕೆಲಸವೂ ಆಗಿರಲಿಲ್ಲ. ಎರಡು ದಿನ ಬಿಟ್ಟು ದಾಖಲೆಗಳ ನೆಪದಲ್ಲಿ ತಾಯಿಗೆ ನಾನೇ ಫೋನ್ ಮಾಡಿದೆ. ಬೇಡದ ಪುಟಗಳನ್ನು ತೆಗೆದಿದ್ದೇವೆ, ಆಸ್ಪತ್ರೆಯ ಚೀಟಿಯೊಂದೂ ಅದರಲ್ಲಿತ್ತು ಎಂದಷ್ಟೇ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದೂ ಸೇರ್ಕೊಂಡಿತ್ತಾ ಡಾಕ್ಟ್ರಮ್ಮ? ಮಗೀಗೆ ಗೊತ್ತಾಯ್ತಾ?" ಎಂದರು. ಇಲ್ಲವೆಂದೆ. ಮಗಳನ್ನು ಮದುವೆ ಮಾಡಿ ಪರದೇಶಕ್ಕೆ ಕಳುಹಿಸಿದ ವರ್ಷ ತಮಗೆ ನಿದ್ದೆ ಬಾರದೆ, ಊಟ ಸೇರದೆ ಹೋದದ್ದನ್ನು, ಒಂದೂವರೆ ವರ್ಷ ಮಾತ್ರೆ ನುಂಗಿದ್ದನ್ನು ಅವರು ಅಂದು ನನಗೆ ಹೇಳಿಕೊಂಡರು. ಮಗಳಿಗೆ ತಿಳಿದರೆ ಅಲ್ಲಿ ಕೊರಗಿಯಾಳೆಂದು ಗಂಡನೊಬ್ಬರಿಗೆ ಬಿಟ್ಟು ಯಾರಿಗೂ ತಿಳಿಸಿರಲಿಲ್ಲ. ಅಂಥ ಚೀಟಿ ಸೈಬರ್ ಸೆಂಟರಿನ ಕಂಪ್ಯೂಟರ್, ಏಜೆಂಟರ ಫೋನು, ಹೆಸರೂ ತಿಳಿಯದ ಒಂದು ಜಾಲತಾಣ, ಕುಟುಂಬದ ವಾಟ್ಸ್ಆ್ಯಪ್ ಗುಂಪು ಇಷ್ಟೂ ಕಡೆ ಸುತ್ತಿಬಂದಿತ್ತು.

ಎರಡನೆಯ ಅರ್ಜಿಗೆ ನಾವು ಏರಿಸಿದ್ದು ಎಂಟು ಕಡತ, ಒಟ್ಟು 37 ಪುಟ. ಬ್ಯಾಂಕಿನ ಪಟ್ಟಿ ಮೊದಲಿನಿಂದ ಕೊನೆಯವರೆಗೆ ಒಂದೇ ಕಡತದಲ್ಲಿ. ಪಹಣಿಯೂ ಅನುವಾದವೂ ಒಂದೇ ಕಡತದಲ್ಲಿ, ಅಕ್ಕಪಕ್ಕದಲ್ಲಿ. ವೀಸಾ ಬಂತು, ಆದರೆ ಹೆರಿಗೆ ಅದಕ್ಕೆ ಕಾಯಲಿಲ್ಲ. ಅಜ್ಜಿ ಬಂದಿಳಿಯುವಾಗ ಮಗುವಿಗೆ ಹದಿಮೂರು ದಿನ. ಹನ್ನೊಂದನೆಯ ದಿನದ ನಾಮಕರಣ ವಿಡಿಯೊ ಕರೆಯಲ್ಲಿ ಮುಗಿದುಹೋಗಿತ್ತು. ಮಾತ್ರೆಯ ವಿಷಯವನ್ನು ಆ ತಾಯಿ ಬಾಣಂತನದ ಒಂದು ಮಧ್ಯಾಹ್ನ ತಾವಾಗಿಯೇ ಮಗಳಿಗೆ ಹೇಳಿದರಂತೆ. ಹೇಳುವ ಹೊತ್ತನ್ನು ಅವರೇ ಆರಿಸಿಕೊಂಡರು ಎಂಬುದಷ್ಟೇ ನನಗೆ ಸಮಾಧಾನದ ಸಂಗತಿ.

ಇನ್ನು ಕತ್ತರಿಸುವ ವಿದ್ಯೆಯ ಬಗ್ಗೆ. ಅಡೋಬಿ ಸಂಸ್ಥೆಯ ಸಹಸಂಸ್ಥಾಪಕ ಜಾನ್ ವಾರ್ನಾಕ್ 1991ರಲ್ಲಿ ಚಿಂತಿಸಿ, 1993ರಲ್ಲಿ ಆ ಸಂಸ್ಥೆ ಹೊರತಂದ ಪಿಡಿಎಫ್, 2008ರಲ್ಲಿ ಐಎಸ್‌ಒ ಮಾನಕವಾಯಿತು. ಯಾವ ಯಂತ್ರದಲ್ಲಿ ತೆರೆದರೂ, ಎಲ್ಲಿ ಮುದ್ರಿಸಿದರೂ ಪುಟ ಒಂದೇ ರೀತಿ ಕಾಣಬೇಕೆಂಬುದು ಅದರ ಉದ್ದೇಶ. ಕಚೇರಿಗಳಿಗೆ ಅದು ಪ್ರಿಯವಾದದ್ದೂ ಆ ಕಾರಣಕ್ಕೆ. ಆದರೆ ಅದರ ಒಳಗೆ ಪುಟಗಳು ಪುಸ್ತಕದ ಹಾಳೆಗಳಂತೆ ಒಂದರ ಹಿಂದೊಂದು ಜೋಡಿಸಿಕೊಂಡಿರುವುದಿಲ್ಲ. ಅಕ್ಷರಗಳ ಫಾಂಟು, ಚಿತ್ರ, ಪುಟದ ವಿವರಣೆ ಎಲ್ಲವೂ ಸಂಖ್ಯೆ ಹಚ್ಚಿದ ಬಿಡಿ ವಸ್ತುಗಳಾಗಿರುತ್ತವೆ. ಯಾವ ವಸ್ತು ಎಲ್ಲಿದೆ ಎಂಬ ಪಟ್ಟಿ ಸಾಮಾನ್ಯವಾಗಿ ಕಡತದ ಬಾಲದಲ್ಲಿರುತ್ತದೆ. ಓದುವ ತಂತ್ರಾಂಶ ಮೊದಲು ಬಾಲವನ್ನು ನೋಡಿ, ಆಮೇಲೆ ತಲೆಯನ್ನು ಕಟ್ಟುತ್ತದೆ. ನಾವು ಒಂದು ಪುಟವನ್ನು ಬೇರ್ಪಡಿಸಿದಾಗ ಆ ಪುಟಕ್ಕೆ ಬೇಕಾದ ವಸ್ತುಗಳನ್ನು ಆರಿಸಿ ಹೊಸ ಕಡತವೊಂದನ್ನು ಕಟ್ಟಲಾಗುತ್ತದೆ; ಮೂಲ ಕಡತ ಇದ್ದಂತೆಯೇ ಇರುತ್ತದೆ.

ಈ ರಚನೆಯನ್ನು ತಿಳಿದರೆ ಹಲವು ಒಗಟುಗಳು ಬಿಡುತ್ತವೆ. ಹತ್ತು ಪುಟದ ಕಡತದಿಂದ ಒಂದೇ ಪುಟ ತೆಗೆದರೂ ತೂಕ ಹೆಚ್ಚು ಇಳಿಯದಿರುವುದುಂಟು, ಏಕೆಂದರೆ ಎಲ್ಲ ಪುಟಗಳಿಗೂ ಸಾಮಾನ್ಯವಾದ ಫಾಂಟು, ಚಿತ್ರಗಳು ಆ ಒಂದು ಪುಟದ ಬೆನ್ನಿಗೂ ಅಂಟಿ ಬರುತ್ತವೆ. ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿ ಇದೆ. ಕೆಲವು ತಂತ್ರಾಂಶಗಳು ಪುಟವನ್ನು ಅಳಿಸಿದಾಗ ಪಟ್ಟಿಯಿಂದ ಹೆಸರನ್ನು ಕಿತ್ತು, ಬದಲಾವಣೆಯನ್ನು ಕಡತದ ಕೊನೆಗೆ ಸೇರಿಸುತ್ತವೆಯಷ್ಟೇ. ವಸ್ತು ಒಳಗೇ ಉಳಿದಿರುತ್ತದೆ, ಬಲ್ಲವರು ಹೊರತೆಗೆಯಬಹುದು. ಪುಟದ ಅಂಚನ್ನು ಕ್ರಾಪ್ ಮಾಡುವುದೂ ಹಾಗೆಯೇ: ಮರೆಯಾಗುತ್ತದೆ, ಅಳಿಯುವುದಿಲ್ಲ. ಖಾತೆ ಸಂಖ್ಯೆಯ ಮೇಲೆ ಕರಿಯ ಪಟ್ಟಿ ಎಳೆದು ಮುಚ್ಚಿದೆವೆಂದು ನೆಮ್ಮದಿಯಿಂದಿರುವವರೂ ಇದ್ದಾರೆ. ಪಟ್ಟಿಯ ಕೆಳಗಿನ ಅಕ್ಷರಗಳನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಅವು ಸಲೀಸಾಗಿ ಓದಲು ಬರುತ್ತವೆ. ಬೇಡದ ಪುಟವನ್ನು ಅಳಿಸುವುದಕ್ಕಿಂತ, ಬೇಕಾದ ಪುಟವನ್ನು ಹೊಸ ಕಡತವಾಗಿ ಹೊರತೆಗೆಯುವುದೇ ಲೇಸು.

ಎಲ್ಲವನ್ನೂ ಒಡೆಯಬೇಕೆಂದು ನನ್ನ ಮಾತಿನ ಅರ್ಥವಲ್ಲ. ಶಸ್ತ್ರವೈದ್ಯರು ಅಂಗವನ್ನು ಬೇರ್ಪಡಿಸಬೇಕಾಗಿ ಬಂದಾಗ ಎಲ್ಲಿ ಕತ್ತರಿ ಇಡಬೇಕೆಂದು ಮೊದಲು ನಿರ್ಧರಿಸುತ್ತಾರೆ. ದಾಖಲೆಗಳಿಗೂ ಅಂಥ ಕೀಲುಗಳಿವೆ. "ಪುಟ 3, ಒಟ್ಟು 8" ಎಂದು ಅಚ್ಚಾಗಿರುವ ಬ್ಯಾಂಕಿನ ಪಟ್ಟಿಯಲ್ಲಿ ನಡುವಿನ ಪುಟ ಖಾಲಿಯಿದ್ದರೂ ಅದನ್ನು ತೆಗೆಯಬಾರದು. ತೆಗೆದರೆ ಏನನ್ನೋ ಮುಚ್ಚಿಟ್ಟಂತೆ ಕಾಣುತ್ತದೆ. ಪ್ರಮಾಣಪತ್ರದ ಹಿಂಬದಿಯಲ್ಲಿ ಮುದ್ರೆಯೋ ಷರಾವೋ ಇದ್ದರೆ ಅದು ಮುಂಬದಿಯ ಜೊತೆಗೇ ಇರಬೇಕು. ಅನುವಾದವನ್ನು ಮೂಲದಿಂದ ಅಗಲಿಸಲೇಬಾರದು. ಬ್ರಿಟನ್ನಿಗೆ ಕೊಡುವ ಅನುವಾದದಲ್ಲಿ ಇದು ಮೂಲಕ್ಕೆ ನಿಷ್ಠವಾದುದೆಂಬ ಒಕ್ಕಣೆ, ದಿನಾಂಕ, ಅನುವಾದಕರ ಪೂರ್ಣ ಹೆಸರು, ರುಜು, ಸಂಪರ್ಕ ವಿವರ ಇರಬೇಕಾಗುತ್ತದೆ. ಇವು ಎಷ್ಟೋ ಸಲ ಕೊನೆಯ ಪುಟದಲ್ಲಿ ಒಂಟಿಯಾಗಿ ಕುಳಿತಿರುವುದರಿಂದ ಒಡೆಯುವಾಗ ಮೊದಲು ಕಳೆದುಹೋಗುವುದೂ ಅವೇ. ಅಮೆರಿಕದ ವಲಸೆ ವೀಸಾಕ್ಕೆ ದಾಖಲೆ ಏರಿಸುವವರಿಗೂ ಮೂಲ ಮತ್ತು ಅನುವಾದ ಒಂದೇ ಕಡತದಲ್ಲಿರಬೇಕೆಂಬ ಸೂಚನೆಯಿದೆ.

ಡಿಜಿಟಲ್ ಸಹಿ ಇರುವ ಕಡತಗಳ ವಿಷಯವೇ ಬೇರೆ. ಇ-ಆಧಾರ್ ಇದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆ. ಡಿಜಿಟಲ್ ಸಹಿ ಎಂದರೆ ಪುಟದ ಮೇಲೆ ಕಾಣುವ ಟಿಕ್ ಗುರುತಲ್ಲ. ಕಡತದೊಳಗಿನ ಮಾಹಿತಿ ಸಹಿಯಾದಂದಿನಿಂದ ಬದಲಾಗಿಲ್ಲವೆಂದು ಗಣಿತದ ಮೂಲಕ ಸಾರುವ ಮುದ್ರೆ ಅದು. ಅದರಿಂದ ಒಂದು ಪುಟವನ್ನು ಬೇರ್ಪಡಿಸಿದರೆ ಹುಟ್ಟುವುದು ಹೊಸ ಕಡತ. ಮುದ್ರೆ ಅದಕ್ಕೆ ಸಲ್ಲುವುದಿಲ್ಲ. ಗುರುತಿನ ಚಿತ್ರ ಮಾತ್ರ ಉಳಿದು ಪ್ರಾಣ ಹೋಗಿರುತ್ತದೆ. ಸಹಿಯನ್ನು ಪರಿಶೀಲಿಸುವ ಕಚೇರಿಗೆ ಮೂಲ ಕಡತವನ್ನೇ ಇಡಿಯಾಗಿ ಕೊಡಬೇಕು. ಇ-ಆಧಾರ್‌ಗೆ ಪಾಸ್‌ವರ್ಡ್ ಕೂಡ ಇರುತ್ತದೆ: ಇಂಗ್ಲಿಷಿನಲ್ಲಿ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರಗಳು ಮತ್ತು ಹುಟ್ಟಿದ ವರ್ಷ. ಅಮೆರಿಕದ ವಲಸೆ ಇಲಾಖೆಯಂಥ ಕಡೆ ಪಾಸ್‌ವರ್ಡ್ ಹಾಕಿದ ಕಡತಗಳನ್ನು ಒಪ್ಪುವುದೇ ಇಲ್ಲ. ಭಾರತದೊಳಗೇ ಯಾರಾದರೂ ಆಧಾರ್ ಕೇಳಿದಲ್ಲಿ, ಮೊದಲ ಎಂಟು ಅಂಕಿಗಳನ್ನು ಮರೆಮಾಚಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ಮಾಸ್ಕ್ಡ್ ಆಧಾರ್ ಪ್ರತಿ ಸಾಕೇ ಎಂದು ಮೊದಲು ವಿಚಾರಿಸುವುದು ಒಳ್ಳೆಯದು.

ಹಾಗಾದರೆ ಒಡೆಯುವುದು ಎಲ್ಲಿ? ಅಂತರಜಾಲದಲ್ಲಿ ಹುಡುಕಿದರೆ ಉಚಿತ ತಾಣಗಳು ಹಿಂಡುಹಿಂಡಾಗಿ ಬರುತ್ತವೆ. ಐಲವ್‌ಪಿಡಿಎಫ್, ಸ್ಮಾಲ್‌ಪಿಡಿಎಫ್‌ನಂಥ ಹೆಸರಾದ ತಾಣಗಳು ಕಡತವನ್ನು ತಮ್ಮ ಸರ್ವರಿಗೆ ಒಯ್ದು ಕೆಲಸ ಮುಗಿಸಿ, ಸ್ವಲ್ಪ ಸಮಯದಲ್ಲೇ ಅಳಿಸಿಹಾಕುವುದಾಗಿ ಪ್ರಕಟಿಸಿವೆ. ತೋಟಗಾರಿಕೆಯ ಕೈಪಿಡಿಯಿಂದ ನಾಲ್ಕು ಪುಟ ತೆಗೆಯಲು, ಮಕ್ಕಳ ಶಾಲೆಯ ಪಠ್ಯಸೂಚಿಯನ್ನು ಬೇರ್ಪಡಿಸಲು ಅವು ಬಲು ಉಪಕಾರಿ, ನಾನೂ ಬಳಸುತ್ತೇನೆ. ಪಾಸ್‌ಪೋರ್ಟ್, ಬ್ಯಾಂಕಿನ ಪಟ್ಟಿ, ಆಸ್ಪತ್ರೆಯ ಕಾಗದಗಳನ್ನು ಮಾತ್ರ ಏರಿಸುವುದಿಲ್ಲ. ರೋಗಿಗಳ ಕಡತಗಳ ಮಾತಂತೂ ಎತ್ತುವಂತೆಯೇ ಇಲ್ಲ; ಹಾಗೆ ಮಾಡಿದರೆ ಇಲ್ಲಿ ಕೆಲಸಕ್ಕೇ ಸಂಚಕಾರ. ಹೆಸರಿಲ್ಲದ ತಾಣಗಳ ಅಪಾಯ ಇನ್ನೂ ದೊಡ್ಡದು. ಕಡತಗಳನ್ನು ಪರಿವರ್ತಿಸಿಕೊಡುವ, ಜೋಡಿಸಿಕೊಡುವ ಉಚಿತ ತಾಣಗಳ ಸೋಗಿನಲ್ಲಿ ವಂಚಕರು ಕಂಪ್ಯೂಟರಿಗೆ ಕುತಂತ್ರಾಂಶ ತುಂಬುತ್ತಾರೆಂದು ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ 2025ರ ಮಾರ್ಚ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಕೇಳಿದ ಕೆಲಸವನ್ನು ಆ ತಾಣ ಮಾಡಿಯೇ ಕೊಡುತ್ತದೆ, ಆದ್ದರಿಂದ ಅನುಮಾನವೂ ಬರುವುದಿಲ್ಲ.

ಕೆಲವು ತಾಣಗಳು ಕಡತವನ್ನು ಹೊರಗೆ ಕಳುಹಿಸದೆ ನಮ್ಮ ಬ್ರೌಸರಿನೊಳಗೇ ಕತ್ತರಿಸುತ್ತವೆ. ಅದನ್ನು ತಿಳಿಯಲು ಸರಳವಾದ ಪರೀಕ್ಷೆಯೊಂದಿದೆ. ತಾಣವನ್ನು ತೆರೆದ ಮೇಲೆ ವೈ-ಫೈ ಆರಿಸಿ, ಗುಟ್ಟಿಲ್ಲದ ಯಾವುದಾದರೂ ಕಡತವನ್ನು ಕೊಟ್ಟುನೋಡಿ. ಆಗಲೂ ಕೆಲಸ ನಡೆದರೆ ಕತ್ತರಿ ನಿಮ್ಮ ಮನೆಯಲ್ಲೇ ಇದೆ ಎಂದರ್ಥ.

ನಿಜ ಹೇಳಬೇಕೆಂದರೆ ಹೆಚ್ಚಿನವರಿಗೆ ಯಾವ ತಾಣವೂ ಬೇಕಿಲ್ಲ. ಕಂಪ್ಯೂಟರಿನಲ್ಲಿ ಕಡತವನ್ನು ಕ್ರೋಮ್ ಅಥವಾ ಎಡ್ಜ್‌ನಲ್ಲಿ ತೆರೆದು, ಪ್ರಿಂಟ್ ಆಜ್ಞೆ ಕೊಟ್ಟು, ಪ್ರಿಂಟರಿನ ಜಾಗದಲ್ಲಿ ಪಿಡಿಎಫ್ ಆಗಿ ಉಳಿಸುವ ಆಯ್ಕೆಯನ್ನು ಆರಿಸಿ, ಪುಟಗಳ ಖಾನೆಯಲ್ಲಿ 27-34 ಎಂದು ಬರೆದರೆ ಆ ಎಂಟು ಪುಟಗಳ ಹೊಸ ಕಡತ ಸಿದ್ಧ. ಆಂಡ್ರಾಯ್ಡ್ ಫೋನಿನಲ್ಲೂ ಪ್ರಿಂಟ್ ಆಯ್ಕೆಯ ಮೂಲಕ ಇದೇ ಕೆಲಸವಾಗುತ್ತದೆ. ಮ್ಯಾಕ್ ಉಳ್ಳವರು ಪ್ರಿವ್ಯೂ ತಂತ್ರಾಂಶದಲ್ಲಿ ಪಕ್ಕದ ಕಿರುಪುಟವನ್ನು ಎಳೆದು ಡೆಸ್ಕ್‌ಟಾಪಿನ ಮೇಲೆ ಬಿಟ್ಟರೆ ಸಾಕು. ಆಗಾಗ ಈ ಕೆಲಸವಿರುವವರಿಗೆ ಪಿಡಿಎಫ್‌ಸ್ಯಾಮ್ ಬೇಸಿಕ್ ಎಂಬ ಉಚಿತ, ಮುಕ್ತ ತಂತ್ರಾಂಶವಿದೆ. ಅದನ್ನು ಒಮ್ಮೆ ಕಂಪ್ಯೂಟರಿಗೆ ಇಳಿಸಿಕೊಂಡರೆ ಒಡೆಯುವುದು, ಜೋಡಿಸುವುದು ಎರಡೂ ಮನೆಯೊಳಗೇ ನಡೆಯುತ್ತವೆ.

ಒಡೆದ ಮೇಲೂ ಕಡತ ದೊಡ್ಡದಾಗಿಯೇ ಉಳಿದರೆ ದೋಷ ಸ್ಕ್ಯಾನಿನಲ್ಲಿರುತ್ತದೆ. ಭಾರತದ ಇ-ವೀಸಾಕ್ಕೆ ಅರ್ಜಿ ಹಾಕುವ ವಿದೇಶಿ ಪೌರರು, ಅವರಲ್ಲಿ ಇಲ್ಲೇ ಹುಟ್ಟಿದ ನಮ್ಮ ಮೊಮ್ಮಕ್ಕಳೂ ಸೇರಿದ್ದಾರೆ, ಪಾಸ್‌ಪೋರ್ಟಿನ ವಿವರಗಳ ಪುಟವನ್ನು 10 ಕೆಬಿಗಿಂತ ಚಿಕ್ಕದಲ್ಲದ, 300 ಕೆಬಿ ಮೀರದ ಪಿಡಿಎಫ್ ಆಗಿ ಕೊಡಬೇಕು. ಒಂದೇ ಪುಟ, ಅದನ್ನು ಇನ್ನು ಒಡೆಯುವುದೆಲ್ಲಿ? ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕೆಗಳಾಗುತ್ತವೆ. ಅದನ್ನೇ 150ಕ್ಕೆ ಇಳಿಸಿದರೆ ಚುಕ್ಕೆಗಳ ಸಂಖ್ಯೆ ಅರ್ಧವಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ, ಅಕ್ಷರಗಳು ಆಗಲೂ ಓದಲು ಬರುತ್ತವೆ. ಹೀಗಾಗಿ ಸ್ಕ್ಯಾನ್ ಮಾಡುವವರಿಗೆ ಈ ಒಂದು ಅಂಕಿಯನ್ನು ಮೊದಲೇ ಹೇಳುವುದು ಆಮೇಲೆ ಕುಗ್ಗಿಸುವ ತಾಣಗಳನ್ನು ಅಲೆಯುವುದಕ್ಕಿಂತ ಸುಲಭ. ಪದವಿಪತ್ರದ ಮುದ್ರೆ, ಸಣ್ಣಕ್ಷರಗಳ ಷರಾ ಇರುವಲ್ಲಿ ಮಾತ್ರ 300 ಇರಲಿ.

ಕಡತಗಳಿಗೆ ಹೆಸರಿಡುವಾಗ ಸರಳವಾದ ಇಂಗ್ಲಿಷ್ ಅಕ್ಷರ, ಅಂಕಿಗಳನ್ನೇ ಬಳಸಬೇಕಾಗುತ್ತದೆ. ಕನ್ನಡ ಲಿಪಿಯ ಹೆಸರನ್ನು ಒಪ್ಪದ ಪೋರ್ಟಲ್‌ಗಳಿವೆ ಎಂಬುದು ಬೇಸರದ ಸಂಗತಿಯಾದರೂ ವೀಸಾದ ಹೊತ್ತು ಭಾಷಾ ಹೋರಾಟಕ್ಕೆ ತಕ್ಕುದಲ್ಲ. ಒಡೆದ ಪ್ರತಿಯೊಂದು ಕಡತವನ್ನೂ ಏರಿಸುವ ಮುನ್ನ ತೆರೆದು ಮೊದಲ ಪುಟ, ಕೊನೆಯ ಪುಟ ನೋಡಿ. ಇಡೀ ಮೂಲ ಕಡತವನ್ನು ಬೇರೆಡೆ ಹಾಗೆಯೇ ಇಟ್ಟುಕೊಂಡಿರಿ, ಮುಂದೆ ಯಾವುದೋ ಕಚೇರಿ ಬೇರೆಯೇ ಪುಟವನ್ನು ಕೇಳಬಹುದು.

ಕೊನೆಯದಾಗಿ, ಊರಿನಲ್ಲಿರುವ ಹಿರಿಯರಿಗೆ ಒಂದು ಮಾತು. ಮಕ್ಕಳು ಕೇಳಿದರೆಂದು ಸೈಬರ್ ಸೆಂಟರಿಗೆ ಹೋಗುವಾಗ ಬೀರುವನ್ನೇ ಬರಿದು ಮಾಡಿಕೊಂಡು ಹೋಗಬೇಡಿ. ಪಟ್ಟಿ ಬರೆಸಿಕೊಂಡು ಅಷ್ಟನ್ನೇ ಒಯ್ಯಿರಿ, ಒಂದೊಂದು ದಾಖಲೆಯನ್ನು ಒಂದೊಂದು ಕಡತವಾಗಿ ಸ್ಕ್ಯಾನ್ ಮಾಡಲು ಹೇಳಿ. ಆಗ ಒಡೆಯುವ ಪ್ರಮೇಯವೇ ಬರುವುದಿಲ್ಲ. ಕೆಲಸ ಮುಗಿದ ಮೇಲೆ, ಅಲ್ಲಿನ ಕಂಪ್ಯೂಟರಿನಲ್ಲಿ ಉಳಿದ ಪ್ರತಿಯನ್ನು ನಿಮ್ಮ ಕಣ್ಣೆದುರಿಗೇ ಅಳಿಸಲು, ರಿಸೈಕಲ್ ಬಿನ್ ಖಾಲಿ ಮಾಡಲು ಕೇಳಿ. ವಾಟ್ಸ್ಆ್ಯಪ್ ವೆಬ್ ತೆರೆದು ಕಳುಹಿಸಿದ್ದರೆ ಲಾಗ್‌ಔಟ್ ಮಾಡಿಸಿ. ಹುಡುಗ "ಆಮೇಲ್ ಮಾಡ್ತೀನಿ ಬಿಡಿ ಯಜಮಾನ್ರೇ" ಎಂದರೆ, ಇನ್ನೊಂದು ಐದು ನಿಮಿಷ ಅಲ್ಲಿನ ಬೆಂಚಿನ ಮೇಲೆ ಕುಳಿತಿರಿ.